ಸೆಕೆಂಡ್ ಹ್ಯಾಂಡ್ ಡ್ರ್ಯಾಗನ್ ಕ್ವೆಸ್ಟ್: ಹನ್ನೊಂದರಲ್ಲಿ ಯಾವುದು?

ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ ವಿಡಿಯೋ ಗೇಮ್ ಸರಣಿಯಲ್ಲಿ 1986ರಿಂದ 2017ರವರೆಗೆ ಹನ್ನೊಂದು ಮುಖ್ಯ ಕಂತುಗಳು ಬಂದಿವೆ. ಇವು ರೋಲ್-ಪ್ಲೇಯಿಂಗ್ ಆಟಗಳು. ಆಡುವವರು ಒಬ್ಬ ನಾಯಕನ ಪಾತ್ರ ವಹಿಸಿ, ಊರೂರು ಅಲೆದು, ಜನರನ್ನು ಮಾತನಾಡಿಸಿ, ರಾಕ್ಷಸರೊಡನೆ ಕಾದಾಡಿ, ಹಂತಹಂತವಾಗಿ ಬಲಿಯುತ್ತಾ ಕಥೆಯನ್ನು ಕೊನೆ ಮುಟ್ಟಿಸಬೇಕು. ಒಂದು ದೊಡ್ಡ ಕಾದಂಬರಿ ಓದಿ ಮುಗಿಸುವಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಈ ಸರಣಿಯ ಸುದ್ದಿ ಎತ್ತಿದಾಗಲೆಲ್ಲ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಹನ್ನೊಂದೂ ಆಡುವಷ್ಟು ಆಯುಸ್ಸಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದೇ ಒಂದು ಕೊಳ್ಳುವುದಾದರೆ ಯಾವುದು?”

ಯಾವುದರ ಕಥೆ ಚೆನ್ನಾಗಿದೆ ಎಂದು ಹೇಳಿಬಿಟ್ಟರೆ ಉತ್ತರ ಮುಗಿಯಿತು ಎಂದುಕೊಳ್ಳಬಹುದು. ಆದರೆ ಕೈ ಬದಲಾದ ಆಟವನ್ನು ಕೊಳ್ಳುವಾಗ ಕಥೆಯಷ್ಟೇ ಮುಖ್ಯವಾದ ಇನ್ನೆರಡು ಪ್ರಶ್ನೆಗಳಿವೆ. ಆಡಿದ್ದನ್ನು ಈ ಆಟ ಎಲ್ಲಿ, ಹೇಗೆ ನೆನಪಿಟ್ಟುಕೊಳ್ಳುತ್ತದೆ? ದುಡ್ಡು ಕೊಟ್ಟ ಮೇಲೆ ಇದು ನಿಜಕ್ಕೂ ನನ್ನದಾಗುತ್ತದೆಯೇ? ಸರಣಿಯ ಮೂವತ್ತು ವರ್ಷಗಳಲ್ಲಿ ಈ ಎರಡಕ್ಕೂ ಉತ್ತರ ಬದಲಾಗುತ್ತಲೇ ಬಂದಿದೆ. ಎರಡನೆಯ ಪ್ರಶ್ನೆಯಂತೂ ಜಪಾನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ ಬಂದದ್ದು 1986ರ ಮೇ 27ರಂದು, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರಕ್ಕೆ. ಪ್ರಕಟಿಸಿದ್ದು ಎನಿಕ್ಸ್. ಆಟವನ್ನು ರೂಪಿಸಿದವರು ಯೂಜಿ ಹೊರೀ, ಚಿತ್ರ ಬರೆದವರು ಅಕಿರಾ ತೊರಿಯಾಮ, ಸಂಗೀತ ಕೊಟ್ಟವರು ಕೊಯಿಚಿ ಸುಗಿಯಾಮ. ‘ವಿಝರ್ಡ್ರಿ’, ‘ಅಲ್ಟಿಮಾ’ ಎಂಬ ಅಮೆರಿಕದ ಕಂಪ್ಯೂಟರ್ ಆಟಗಳಿಂದ ಪ್ರೇರಣೆ ಪಡೆದು, ಅಂಥದ್ದನ್ನು ಮನೆಯ ಟಿವಿಯ ಮುಂದೆ ಕೂರುವ ಮಕ್ಕಳಿಗೂ ಎಟುಕುವಂತೆ ಮಾಡುವುದು ಹೊರೀ ಅವರ ಉದ್ದೇಶವಾಗಿತ್ತು.

ಇಡೀ ಆಟಕ್ಕೆ ಸಿಕ್ಕ ಜಾಗ 64 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆಯುವ ಒಂದು ಫೋಟೋಗೂ ಅದು ಸಾಲದು. ಜಾಗ ಉಳಿಸಲು ಅಕ್ಷರಗಳನ್ನೇ ಕಡಿತ ಮಾಡಿದರು. ಹೊರಗಿನ ಪದಗಳನ್ನೂ ಹೆಸರುಗಳನ್ನೂ ಬರೆಯಲು ಜಪಾನಿಯರು ಬಳಸುವ ಕತಾಕಾನ ಲಿಪಿಯಲ್ಲಿ ಬರೀ 20ರಷ್ಟು ಅಕ್ಷರಗಳನ್ನು ಉಳಿಸಿಕೊಂಡರು. ಊರು, ರಾಕ್ಷಸ, ಮಂತ್ರ ಎಲ್ಲದರ ಹೆಸರನ್ನೂ ಅಷ್ಟರಲ್ಲೇ ಹೊಂದಿಸಬೇಕಾಯಿತು. ಕನ್ನಡದ ಅರ್ಧ ವರ್ಣಮಾಲೆಯನ್ನು ಕಿತ್ತುಕೊಂಡು, ಉಳಿದದ್ದರಲ್ಲಿ ಒಂದು ಪುರಾಣ ಬರೆಯಿರಿ ಎಂದಂತೆ.

ಇಷ್ಟು ಇಕ್ಕಟ್ಟಿನಲ್ಲಿ ಆಟಗಾರ ಎಲ್ಲಿಯವರೆಗೆ ಬಂದ ಎಂಬುದನ್ನು ಬರೆದಿಡಲು ಕಾರ್ಟ್ರಿಜ್‌ನಲ್ಲಿ ಜಾಗವೇ ಇರಲಿಲ್ಲ. ಆಟ ನಿಲ್ಲಿಸುವಾಗ ರಾಜ 20 ಅಕ್ಷರಗಳ ಒಂದು ಸಾಲು ಕೊಡುತ್ತಿದ್ದ. ಅದರ ಹೆಸರು ‘ಪುನರುಜ್ಜೀವನದ ಮಂತ್ರ’. ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮರುದಿನ ತಪ್ಪಿಲ್ಲದೆ ತುಂಬಿದರೆ ನಿಂತಲ್ಲಿಂದ ಮುಂದುವರಿಯಬಹುದಿತ್ತು. 1987ರ ಜನವರಿಯಲ್ಲಿ ಬಂದ ಎರಡನೆಯ ಕಂತಿನಲ್ಲಿ ಈ ಮಂತ್ರ 52 ಅಕ್ಷರಗಳವರೆಗೂ ಬೆಳೆಯಿತು. ಜಪಾನಿ ಲಿಪಿಯಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳು ಕಡಿಮೆಯೇನಿಲ್ಲ. ಅಂದಿನ ಮಸುಕು ಟಿವಿಯಲ್ಲಿ ಒಂದು ಚುಕ್ಕೆ ತಪ್ಪಾಗಿ ಕಂಡರೂ ವಾರಗಳ ಶ್ರಮ ನೀರುಪಾಲು.

ಇವೆರಡರ ಹಳೆ ಪ್ರತಿ ಕೊಂಡರೆ ಏನು ಸಿಗುತ್ತದೆ? ಹಿಂದಿನವರ ಗುರುತಿಲ್ಲದ, ಹೆಚ್ಚುಕಡಿಮೆ ಹೊಸದರಂತೆಯೇ ಇರುವ ಆಟ ಸಿಗುತ್ತದೆ. ಅವರ ನೆನಪೆಲ್ಲ ಅವರ ನೋಟ್‌ಬುಕ್ಕಿನಲ್ಲೇ ಉಳಿದಿರುತ್ತದೆ. ಅಳಿಸಿಹೋಗುವ ನೆನಪೇ ಒಳಗಿಲ್ಲವಾದ್ದರಿಂದ ಆ ಭಯವೂ ಇಲ್ಲ.

1988ರ ಫೆಬ್ರುವರಿ 10ರಂದು ಮೂರನೆಯ ಕಂತು ಬಂತು. ಅಂದು ಬುಧವಾರ. ಅಂಗಡಿಗಳ ಮುಂದೆ ರಾತ್ರಿಯಿಂದಲೇ ಸಾಲು ನಿಂತಿತು. ಶಾಲೆ ತಪ್ಪಿಸಿ ಸಾಲಿನಲ್ಲಿ ನಿಂತ ಮಕ್ಕಳು ಪೊಲೀಸರ ಕೈಗೆ ಸಿಕ್ಕಿಬಿದ್ದರು, ಕೊಂಡು ಹೊರಟ ಮಕ್ಕಳಿಂದ ಆಟವನ್ನು ಕಿತ್ತುಕೊಂಡ ಘಟನೆಗಳೂ ಸುದ್ದಿಯಾದವು. ಜಪಾನಿನಲ್ಲಿ ಇದರ ಸುಮಾರು 38 ಲಕ್ಷ ಪ್ರತಿಗಳು ಮಾರಾಟವಾದವು. 1990ರ ಫೆಬ್ರುವರಿ 11ರಂದು ನಾಲ್ಕನೆಯದು ಬಿಡುಗಡೆಯಾದಾಗ ದಿನ ಭಾನುವಾರವಾಗಿತ್ತು.

ಮೂರನೆಯ ಕಂತಿಗೆ 256 ಕಿಲೋಬೈಟ್ ಸಿಕ್ಕರೂ ಸಾಲಲಿಲ್ಲ. ಶೀರ್ಷಿಕೆಯ ಪರದೆಯಿಂದ ಚಿತ್ರವನ್ನೂ ಸಂಗೀತವನ್ನೂ ತೆಗೆದು, ಕಪ್ಪು ಪರದೆಯ ಮೇಲೆ ಬರೀ ಹೆಸರು ಬರೆದು ಬಿಟ್ಟರು. ಆದರೆ ಕಾರ್ಟ್ರಿಜ್‌ನೊಳಗೆ ಒಂದು ಪುಟ್ಟ ಬ್ಯಾಟರಿ ಬಂತು. ಟಿವಿ ಆರಿಸಿದ ಮೇಲೂ ಅದು ನೆನಪಿನ ಚಿಪ್‌ಗೆ ವಿದ್ಯುತ್ ಕೊಡುತ್ತಿರುತ್ತದೆ. ಮಂತ್ರ ಬರೆದುಕೊಳ್ಳುವ ಕಷ್ಟ ತಪ್ಪಿತು. ಅದರ ಬದಲಿಗೆ ‘ಸಾಹಸದ ಪುಸ್ತಕ’ ಎಂಬ ಹೆಸರಿನ ಮೂರು ಖಾತೆಗಳು ಬಂದವು, ಮೂವರು ಬೇರೆಬೇರೆಯಾಗಿ ಆಡಬಹುದಿತ್ತು. ವಿದ್ಯುತ್ ಏರುಪೇರಾದರೆ, ಕಾರ್ಟ್ರಿಜ್ ಅಲುಗಾಡಿದರೆ, ಪುಸ್ತಕ ಅಳಿಸಿಹೋಗುವುದೂ ಇತ್ತು. ಆಗ ಕೇಳುತ್ತಿದ್ದ ಕರ್ಕಶ ಸದ್ದನ್ನು ಆ ಪೀಳಿಗೆಯ ಜಪಾನಿಯರು ಇಂದಿಗೂ ಮರೆತಿಲ್ಲ.

ಹಳೆ ಆಟಕ್ಕೆ ಹಿಂದಿನವರ ಗುರುತು ಅಂಟಿಕೊಳ್ಳತೊಡಗಿದ್ದು ಇಲ್ಲಿಂದ. ಮೂರನೆಯ ಕಂತಿನ ಬಳಸಿದ ಕಾರ್ಟ್ರಿಜ್ ಹಾಕಿದರೆ ಯಾರೋ ಇಟ್ಟ ನಾಯಕನ ಹೆಸರು, ಯಾರೋ ಕಟ್ಟಿದ ತಂಡ, ಯಾರೋ ಅರ್ಧಕ್ಕೆ ಬಿಟ್ಟ ಪಯಣ ಕಾಣಬಹುದು. ಹಳೆ ಪುಸ್ತಕದ ಮೊದಲ ಪುಟದಲ್ಲಿ ಹಿಂದಿನವರ ಸಹಿ ಕಂಡ ಹಾಗೆ. ವ್ಯತ್ಯಾಸವೆಂದರೆ ಪುಸ್ತಕದ ಸಹಿ ಉಳಿದೇ ಇರುತ್ತದೆ, ಇದು ಬ್ಯಾಟರಿ ಇರುವವರೆಗೆ ಮಾತ್ರ. ಮೂವತ್ತೈದು ದಾಟಿದ ಕಾರ್ಟ್ರಿಜ್‌ಗಳ ಬ್ಯಾಟರಿ ಸತ್ತಿರುವುದೇ ಹೆಚ್ಚು. ಹೊಸ ಬ್ಯಾಟರಿ ಬೆಸೆಯಬಹುದು, ಆದರೆ ಹಳೆಯದನ್ನು ಕಿತ್ತ ಕ್ಷಣ ಒಳಗಿದ್ದ ಪುಸ್ತಕವೂ ಹೋಗುತ್ತದೆ. ನಾವು ಆಡುವಂತಾಗಲು ಅವರು ಅಳಿಯಬೇಕು.

ಕಥೆಯ ಅನುಕ್ರಮವೂ ಸಂಖ್ಯೆಗಳ ಅನುಕ್ರಮವೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೂರನೆಯದು ಮೊದಲನೆಯದಕ್ಕಿಂತ ಹಿಂದಿನ ಕಾಲದ ಕಥೆ. ಮೊದಲನೆಯದರ ನಾಯಕ ಯಾರ ವಂಶದವನೆಂದು ಹೇಳಿಕೊಳ್ಳುತ್ತಾನೋ ಆ ಪೂರ್ವಜನ ಚರಿತ್ರೆ ಅದು. ನಾಲ್ಕು, ಐದು, ಆರು ಒಂದು ಸಡಿಲವಾದ ಗುಂಪು. ಏಳರ ನಂತರದವನ್ನು ಹಿಂದಿನವು ಗೊತ್ತಿಲ್ಲದೆಯೂ ಧಾರಾಳವಾಗಿ ಆಡಬಹುದು. ಹಾಗಾಗಿ “ಒಂದರಿಂದಲೇ ಶುರು ಮಾಡಬೇಕೇ?” ಎಂದು ಅಳುಕುವುದು ಬೇಡ.

ನಾಲ್ಕನೆಯ ಕಂತಿನ ಹೊತ್ತಿಗೆ ಈ ಹೆಸರಿಗೆ ಎಂಥ ಬೇಡಿಕೆ ಇತ್ತೆಂದರೆ, ಒಬ್ಬ ಸಗಟು ವ್ಯಾಪಾರಿ ‘ಡ್ರ್ಯಾಗನ್ ಕ್ವೆಸ್ಟ್ 4’ ಬೇಕಾದರೆ ಗೋದಾಮಿನಲ್ಲಿ ಕೊಳೆಯುತ್ತಿರುವ ಬೇರೆ ಆಟಗಳನ್ನೂ ಕೊಳ್ಳಬೇಕೆಂದು ಚಿಲ್ಲರೆ ಅಂಗಡಿಗಳ ಮೇಲೆ ಹೇರಿದ್ದ. ಜಪಾನಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಅದನ್ನು ಅನ್ಯಾಯದ ವ್ಯಾಪಾರ ಎಂದು 1992ರಲ್ಲಿ ತೀರ್ಮಾನಿಸಿತು. ಅಲ್ಲಿನ ಸ್ಪರ್ಧಾ ಕಾನೂನು ಕಲಿಯುವವರಿಗೆ ಇಂದಿಗೂ ಅದು ಪಾಠ.

ಬೆಲೆಯೂ ಏರುತ್ತಿತ್ತು. ಸೂಪರ್ ಫ್ಯಾಮಿಕಾಮ್‌ಗೆ 1992ರಲ್ಲಿ ಬಂದ ಐದನೆಯದಕ್ಕೆ 9,600 ಯೆನ್, 1995ರ ಆರನೆಯದಕ್ಕೆ 11,400 ಯೆನ್. ಕೈಖರ್ಚಿನ ಕಾಸು ಕೂಡಿಡುವ ವಿದ್ಯಾರ್ಥಿಗೆ ಇದು ದೊಡ್ಡ ಮೊತ್ತ. ಇದನ್ನು ಹಗುರಗೊಳಿಸಿದ್ದು ಹಳೆ ಆಟಗಳ ಅಂಗಡಿಗಳು. ಆಡಿ ಮುಗಿಸಿದ್ದನ್ನು ಮಾರಿ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಮುಂದಿನದನ್ನು ಕೊಳ್ಳುವುದು ರೂಢಿಯಾಯಿತು. ತಯಾರಕರಿಗೆ ಇದು ಕಣ್ಣು ಚುಚ್ಚಿತು. ಒಂದೇ ಪ್ರತಿ ಐದು ಕೈ ದಾಟಿದರೆ ಐದು ಸಲ ಅಂಗಡಿಯವನಿಗೆ ಲಾಭ, ಆಟ ಮಾಡಿದವರಿಗೆ ಮೊದಲ ಸಲ ಬಂದಷ್ಟೇ. ಕೋಟಿಗಟ್ಟಲೆ ಯೆನ್ ಸುರಿದು ವರ್ಷಗಟ್ಟಲೆ ದುಡಿದವರ ಈ ದೂರನ್ನು ತಳ್ಳಿಹಾಕುವಂತಿಲ್ಲ.

ಜಗಳ ಎರಡು ಊರುಗಳಲ್ಲಿ ಕೋರ್ಟಿಗೆ ಹೋಯಿತು. ಟೋಕಿಯೋದಲ್ಲಿ, ಹಳೆ ಆಟ ಮಾರುವುದನ್ನು ತಡೆಯುವ ಹಕ್ಕು ಎನಿಕ್ಸ್‌ಗೆ ಇಲ್ಲವೆಂದು ಘೋಷಿಸಿ ಎಂದು ಒಂದು ಮಾರಾಟ ಸಂಸ್ಥೆ ಕೇಳಿತು. ಒಸಾಕಾದಲ್ಲಿ ಸ್ಕ್ವೇರ್, ಕ್ಯಾಪ್‌ಕಾಮ್, ಕೊನಾಮಿ ಸೇರಿ ಆರು ಕಂಪನಿಗಳು ಅಂಗಡಿಗಳ ವಿರುದ್ಧ ದಾವೆ ಹೂಡಿದವು.

ವಾದ ನಿಂತದ್ದು ಒಂದು ವಿಚಿತ್ರ ಪ್ರಶ್ನೆಯ ಮೇಲೆ: ವಿಡಿಯೋ ಗೇಮ್ ಸಿನಿಮಾ ಹೌದೋ ಅಲ್ಲವೋ? ಜಪಾನಿನ ಕೃತಿಸ್ವಾಮ್ಯ ಕಾನೂನು ಸಿನಿಮಾಕ್ಕೆ ‘ಹಂಚಿಕೆಯ ಹಕ್ಕು’ ಎಂಬ ವಿಶೇಷ ಹಕ್ಕು ಕೊಟ್ಟಿದೆ. ಅದಕ್ಕೆ ಕಾರಣವಿತ್ತು. ಚಿತ್ರಮಂದಿರದ ರೀಲುಗಳು ಕೆಲವೇ ಇರುತ್ತಿದ್ದವು, ಒಂದು ಊರಿನಿಂದ ಇನ್ನೊಂದು ಊರಿಗೆ ಬಾಡಿಗೆಯ ಮೇಲೆ ತಿರುಗುತ್ತಿದ್ದವು. ಒಂದು ರೀಲು ಯಾರದೋ ಕೈಗೆ ಹೋದರೆ ಸಾವಿರಾರು ಜನರಿಗೆ ತೋರಿಸಿ ದುಡ್ಡು ಮಾಡಬಹುದಿತ್ತು. ಆದ್ದರಿಂದ ಪ್ರತಿ ಎಲ್ಲಿಗೆ ಹೋಗಬೇಕೆಂಬ ಹಿಡಿತ ನಿರ್ಮಾಪಕರ ಕೈಯಲ್ಲೇ ಇರಲಿ ಎಂದು ಕಾನೂನು ಹೇಳಿತು. ಆಟವೂ ಪರದೆಯ ಮೇಲೆ ಚಲಿಸುವ ಚಿತ್ರ ತಾನೇ, ಹಾಗಾದರೆ ಅದೇ ಹಿಡಿತ ತಮಗೂ ಬೇಕು ಎಂಬುದು ಕಂಪನಿಗಳ ವಾದ.

ಟೋಕಿಯೋ ಜಿಲ್ಲಾ ನ್ಯಾಯಾಲಯ 1999ರ ಮೇ 27ರಂದು ತೀರ್ಪು ಕೊಟ್ಟಿತು. ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ ಬಿಡುಗಡೆಯಾಗಿ ಅಂದಿಗೆ ಸರಿಯಾಗಿ ಹದಿಮೂರು ವರ್ಷ. ಆಟ ಸಿನಿಮಾ ಅಲ್ಲ, ಅಂಗಡಿಯವರು ಮಾರಬಹುದು ಎಂದಿತು ಆ ತೀರ್ಪು. ನಾಲ್ಕು ತಿಂಗಳು ಕಳೆದು, ಅಕ್ಟೋಬರ್ 7ರಂದು ಒಸಾಕಾ ನ್ಯಾಯಾಲಯ ಇದಕ್ಕೆ ತದ್ವಿರುದ್ಧವಾಗಿ, ಆಟ ಸಿನಿಮಾವೇ, ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದಿತು. 2001ರ ಮಾರ್ಚ್‌ನಲ್ಲಿ ಎರಡೂ ಊರುಗಳ ಹೈಕೋರ್ಟುಗಳು ಅಂಗಡಿಯವರ ಪರ ನಿಂತವು. ಕೊನೆಗೆ 2002ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಎರಡೂ ಮೊಕದ್ದಮೆಗಳನ್ನು ಇತ್ಯರ್ಥಗೊಳಿಸಿತು.

ಆ ತೀರ್ಪು ಎರಡೂ ಕಡೆಯವರ ಮಾತಿನಲ್ಲಿದ್ದ ಸತ್ವವನ್ನು ಉಳಿಸಿಕೊಂಡಿತು. ಆಟ ಸಿನಿಮಾದ ಸಾಲಿಗೇ ಸೇರುತ್ತದೆ, ಹಂಚಿಕೆಯ ಹಕ್ಕೂ ಅದಕ್ಕಿದೆ ಎಂದು ಒಪ್ಪಿತು. ಆದರೆ ಮನೆಯಲ್ಲಿ ಆಡಲೆಂದು ಜನರಿಗೆ ನ್ಯಾಯವಾಗಿ ಮಾರಿದ ಪ್ರತಿಯ ಮಟ್ಟಿಗೆ, ಮೊದಲ ಮಾರಾಟದೊಂದಿಗೇ ಆ ಹಕ್ಕು ಮುಗಿಯುತ್ತದೆ ಎಂದಿತು. ಪ್ರತಿಫಲ ಪಡೆಯುವ ಅವಕಾಶ ಮೊದಲ ಮಾರಾಟದಲ್ಲೇ ಇದೆ, ಪ್ರತಿ ಕೈ ಬದಲಾವಣೆಗೂ ಒಪ್ಪಿಗೆ ಬೇಕೆಂದರೆ ವಸ್ತುಗಳು ಮಾರುಕಟ್ಟೆಯಲ್ಲಿ ಓಡಾಡುವುದೇ ಕಷ್ಟವಾಗುತ್ತದೆ ಎಂಬುದು ಅದರ ತರ್ಕ. ಮರುವರ್ಷ, 2003ರ ಏಪ್ರಿಲ್‌ನಲ್ಲಿ ಎನಿಕ್ಸ್ ಮತ್ತು ಸ್ಕ್ವೇರ್ ಒಂದಾಗಿ ‘ಸ್ಕ್ವೇರ್ ಎನಿಕ್ಸ್’ ಆಯಿತು. ಬೇರೆಬೇರೆ ಊರಿನಲ್ಲಿ ಸೋತ ಇಬ್ಬರು ಒಂದೇ ಮನೆ ಸೇರಿದರು.

ಪುಸ್ತಕ ಓದುವ ನಮಗೆ ಈ ತತ್ವ ಹೊಸದಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಸಾಹಿತ್ಯ ಕೃತಿಯ ವಿಷಯದಲ್ಲಿ, ಒಮ್ಮೆ ಮಾರಾಟವಾದ ಪ್ರತಿಯನ್ನು ಆಗಲೇ ಚಲಾವಣೆಯಲ್ಲಿರುವ ಪ್ರತಿ ಎಂದೇ ಪರಿಗಣಿಸುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಕೊಳ್ಳುವಾಗ ನಾವು ಪ್ರಕಾಶಕರ ಅಪ್ಪಣೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಸಿನಿಮಾದ ಪ್ರತಿಗಳಿಗೆ ಮಾತ್ರ ಇಲ್ಲಿಯೂ ಬೇರೆ ಮಾತಿತ್ತು. ಹಿಂದೆ ಮಾರಾಟವಾಗಿದ್ದರೂ ಮತ್ತೆ ಮಾರುವ ಹಕ್ಕು ನಿರ್ಮಾಪಕರದೇ ಎಂಬ ಅರ್ಥದ ಪದಗಳು 2012ರ ತಿದ್ದುಪಡಿಯವರೆಗೂ ಕಾಯ್ದೆಯಲ್ಲಿದ್ದವು. ಪುಸ್ತಕಕ್ಕೆ ಒಂದು ನ್ಯಾಯ, ಸಿನಿಮಾಕ್ಕೆ ಇನ್ನೊಂದು ಎಂಬ ಈ ಬಿರುಕಿನಲ್ಲೇ ಜಪಾನಿನ ಆಟಗಳು ಸಿಕ್ಕಿಹಾಕಿಕೊಂಡಿದ್ದು.

ಜಪಾನಿ ಬಾರದ ನನ್ನಂಥವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಆವೃತ್ತಿಗಳ ಚರಿತ್ರೆಯೇ ಬೇರೆ. ಅಮೆರಿಕದಲ್ಲಿ ‘ಡ್ರ್ಯಾಗನ್‌ಕ್ವೆಸ್ಟ್’ ಎಂಬ ಹೆಸರಿನ ಟೇಬಲ್ ಮೇಲೆ ಆಡುವ ಆಟವೊಂದು ಮೊದಲೇ ಇದ್ದುದರಿಂದ, 1989ರಲ್ಲಿ ಮೊದಲ ಕಂತು ಅಲ್ಲಿ ‘ಡ್ರ್ಯಾಗನ್ ವಾರಿಯರ್’ ಎಂದು ಬಿಡುಗಡೆಯಾಯಿತು. ಅದರಲ್ಲಿ ಮಂತ್ರ ಬರೆದುಕೊಳ್ಳುವ ಗೋಜಿಲ್ಲ, ಬ್ಯಾಟರಿ ಇತ್ತು. ‘ನಿಂಟೆಂಡೊ ಪವರ್’ ಪತ್ರಿಕೆಯ ಚಂದಾದಾರರಿಗೆ ಪುಕ್ಕಟೆಯಾಗಿ ಹಂಚಿದ್ದರಿಂದ ಆ ಕಾರ್ಟ್ರಿಜ್ ಇಂದಿಗೂ ಸುಲಭವಾಗಿ ಸಿಗುತ್ತದೆ. ಮುಂದಿನವು ಕಡಿಮೆ ಪ್ರತಿಗಳಲ್ಲಿ ಬಂದವು, ಅದಕ್ಕೇ ಅವು ದುಬಾರಿ. ಐದು ಮತ್ತು ಆರನೆಯವು ಆಗ ಇಂಗ್ಲಿಷಿಗೆ ಬರಲೇ ಇಲ್ಲ. ನಿಂಟೆಂಡೊ ಡಿಎಸ್ ಯಂತ್ರಕ್ಕೆ ಮರುರೂಪ ಪಡೆದು 2009 ಮತ್ತು 2011ರಲ್ಲಿ ಬಂದವು. ಅಮೆರಿಕದಲ್ಲಿ ಮುಖ್ಯ ಕಂತೊಂದಕ್ಕೆ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಮೂಲ ಹೆಸರು ದಕ್ಕಿದ್ದು ಎಂಟನೆಯದರೊಂದಿಗೆ, 2005ರಲ್ಲಿ.

ಒಂಬತ್ತನೆಯದು 2009ರಲ್ಲಿ ಡಿಎಸ್‌ಗೆ ಬಂತು. ಇದರಲ್ಲಿ ನೆನಪಿಡಲು ಒಂದೇ ಖಾತೆ. ಹೊಸಬರು ಆಡಬೇಕೆಂದರೆ ಹಿಂದಿನವರ ಆಟ ಅಳಿಸಬೇಕು. ಬಿಡುಗಡೆಯ ನಂತರ ಇಂಟರ್ನೆಟ್ ಮೂಲಕ ಹೊಸ ಹೊಸ ಉಪಕಥೆಗಳನ್ನು ಕೊಡುತ್ತಿದ್ದರು. ನಿಂಟೆಂಡೊ 2014ರ ಮೇ ತಿಂಗಳಲ್ಲಿ ಆ ಸಂಪರ್ಕ ಸೇವೆಯನ್ನು ನಿಲ್ಲಿಸಿತು. ಆದ್ದರಿಂದ ಇಂದು ಕೊಳ್ಳುವ ಹಳೆ ಪ್ರತಿಯಲ್ಲಿ ಮುಖ್ಯ ಕಥೆ ಇಡಿಯಾಗಿ ಇದ್ದರೂ ಅದರ ಸುತ್ತ ಬೆಳೆದದ್ದು ಸಿಗುವುದಿಲ್ಲ.

2012ರ ಹತ್ತನೆಯದು ಪೂರ್ತಿ ಆನ್‌ಲೈನ್. ಇಲ್ಲಿ ಕಥೆಯ ಲೋಕ ಇರುವುದು ಕಂಪನಿಯ ಸರ್ವರ್‌ನಲ್ಲಿ, ಚಂದಾ ಕಟ್ಟಿ ಪ್ರವೇಶಿಸಬೇಕು. ಮೊದಲು ಬಂದ ವೀ ಯಂತ್ರದ ಆವೃತ್ತಿಯ ಸೇವೆ 2017ರ ನವೆಂಬರ್‌ನಲ್ಲಿ ಮುಗಿಯಿತು. ಅಂದಿನಿಂದ ಆ ಡಿಸ್ಕ್ ಬೀಗವಿಲ್ಲದ ಮನೆಯ ಬೀಗದ ಕೈಯಂತೆ. ಮಾರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಕೊಂಡವರಿಗೆ ಆಟ ಸಿಗುವುದಿಲ್ಲ ಅಷ್ಟೇ. 2002ರಲ್ಲಿ ಕೋರ್ಟ್ ಕೊಟ್ಟ ಹಕ್ಕನ್ನು ಯಾರೂ ರದ್ದು ಮಾಡಿಲ್ಲ. ಆ ಹಕ್ಕು ಅಂಟಿಕೊಂಡಿದ್ದ ‘ಪ್ರತಿ’ ಎಂಬ ವಸ್ತುವೇ ಕರಗುತ್ತಾ ಬಂತು. ಫೋನಿಗೆ ಇಳಿಸಿಕೊಳ್ಳುವ ಐದನೆಯ ಕಂತು ಕಥೆಯಲ್ಲಿ ಡಿಎಸ್‌ನದೇ, ಆದರೆ ಅದನ್ನು ಆಡಿ ಮುಗಿಸಿ ತಂಗಿಗೋ ಗೆಳೆಯನಿಗೋ ಕೊಡಲಾಗದು, ಮಾರಲೂ ಆಗದು.

2017ರ ಹನ್ನೊಂದನೆಯದು ಮತ್ತೆ ಡಿಸ್ಕ್ ಮತ್ತು ಕಾರ್ಟ್ರಿಜ್‌ಗಳಲ್ಲಿ ಬಂತು. ಅದರಲ್ಲಿ ‘ಪುನರುಜ್ಜೀವನದ ಮಂತ್ರ’ವೂ ಮರಳಿತು. ಮೂವತ್ತು ವರ್ಷಗಳ ಹಿಂದೆ ಜಾಗವಿಲ್ಲದ್ದಕ್ಕೆ ಹುಟ್ಟಿದ ಉಪಾಯವನ್ನು ಈಗ ಅಕ್ಕರೆಯಿಂದ ಕರೆತಂದಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಗೆಳೆಯರಿಗೆ ನಾನು ಹೇಳುವ ಉತ್ತರ: ಐದನೆಯದು, ನಿಂಟೆಂಡೊ ಡಿಎಸ್‌ನ ಇಂಗ್ಲಿಷ್ ಕಾರ್ಟ್ರಿಜ್. ಸಾಯುವ ಬ್ಯಾಟರಿಯ ಚಿಂತೆ ಅದರಲ್ಲಿಲ್ಲ. ಅಮೆರಿಕದಲ್ಲಿ ಮಾರಿದ್ದಾದರೂ ಯುರೋಪಿನಲ್ಲಿ ಮಾರಿದ್ದಾದರೂ ಯಾವ ದೇಶದ ಡಿಎಸ್‌ನಲ್ಲೂ ಆಡುತ್ತದೆ. ಕಥೆಯ ಭಾರವೆಲ್ಲ ಕಾರ್ಟ್ರಿಜ್‌ನೊಳಗೇ ಇದೆ, ಯಾವ ಸರ್ವರ್ ಮುಚ್ಚಿದರೂ ಅದಕ್ಕೆ ಬಾಧೆಯಿಲ್ಲ. ಕೊಳ್ಳುವಾಗ ಒಂದು ಎಚ್ಚರ ಬೇಕು. ಡಿಎಸ್ ಆಟಗಳ ನಕಲಿ ಕಾರ್ಟ್ರಿಜ್‌ಗಳು ಸಾಕಷ್ಟಿವೆ. ಲೇಬಲ್‌ನ ಮುದ್ರಣ ಮಸುಕಾಗಿದ್ದರೆ, ಬೆಲೆ ನಂಬಲಾರದಷ್ಟು ಕಡಿಮೆಯಿದ್ದರೆ ದೂರವಿರಿ. ಮಾರುವವರು ಎದುರಿಗಿದ್ದರೆ, ಆಟ ಉಳಿಸಿ ಯಂತ್ರ ಆರಿಸಿ ಮತ್ತೆ ಹಚ್ಚಿ ನೋಡಿ.

ಕಥೆಯ ಕಾರಣವೂ ಇದೆ. ಇದರ ನಾಯಕ ಮಗುವಾಗಿ ತಂದೆಯ ಹಿಂದೆ ಅಲೆಯುತ್ತಾನೆ, ತಂದೆಯನ್ನು ಕಳೆದುಕೊಳ್ಳುತ್ತಾನೆ, ಗುಲಾಮಗಿರಿಯಲ್ಲಿ ಹತ್ತು ವರ್ಷ ಸವೆಸುತ್ತಾನೆ, ಮದುವೆಯಾಗುತ್ತಾನೆ, ತಾನೂ ತಂದೆಯಾಗುತ್ತಾನೆ. ತಂದೆ ಜೀವಮಾನವಿಡೀ ಹುಡುಕಿದ ವೀರ ತಾನಲ್ಲ ಎಂಬುದು ಅವನಿಗೆ ತಿಳಿಯುವ ಗಳಿಗೆ ಈ ಸರಣಿಯ ಬೇರೆ ಯಾವ ಕಂತಿನಲ್ಲೂ ನನ್ನನ್ನು ಇಷ್ಟು ತಟ್ಟಿಲ್ಲ. ಮೂರು ತಲೆಮಾರುಗಳ ಕಾದಂಬರಿ ಓದಿ ರೂಢಿಯಿರುವ ಕನ್ನಡ ಓದುಗರಿಗೆ ಇದು ಪರಕೀಯವೆನಿಸದು.

ಜಪಾನಿ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಮಾತ್ರ ನನ್ನ ಸಲಹೆ ಬೇರೆ. ಅವರು ಫ್ಯಾಮಿಕಾಮ್‌ನ ಮೂರನೆಯದನ್ನು ಕೊಳ್ಳಲಿ. ಲಕ್ಷಗಟ್ಟಲೆ ಪ್ರತಿಗಳಿರುವುದರಿಂದ ಬೆಲೆ ಹಗುರ. ಅಮೆರಿಕದ ಯಂತ್ರಕ್ಕೆ ಆ ಕಾರ್ಟ್ರಿಜ್ ಹಿಡಿಸುವುದಿಲ್ಲ ಎಂಬುದು ನೆನಪಿರಲಿ. ಬ್ಯಾಟರಿ ಬದಲಿಸುವ ಮುನ್ನ ಒಮ್ಮೆ ಹಾಗೆಯೇ ಹಾಕಿ ನೋಡಲಿ. ಅದೃಷ್ಟವಿದ್ದರೆ ಸಾಹಸದ ಪುಸ್ತಕದಲ್ಲಿ ಯಾರದಾದರೂ ಹೆಸರು ಇನ್ನೂ ಇರಬಹುದು. ಅಳಿಸುವ ಮೊದಲು ಅದನ್ನೊಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ.